ಮಿರ್ಚಿಯ ಎಡಗಣ್ಣು: ಸಾಕಿದ ಇಗ್ವಾನಾದ ಕಣ್ಣು ಮುಚ್ಚಿಕೊಂಡರೆ ಏನು ಮಾಡಬೇಕು, ಏನು ಮಾಡಬಾರದು

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ನಮ್ಮ ಮನೆ ಇರುವುದು ಚಂದ್ರಾ ಲೇಔಟ್‌ನಲ್ಲಿ. ಮೊದಲ ಮಹಡಿಯ ಹಿಂದಿನ ಕೋಣೆಯಲ್ಲಿ ಒಂದು ಹಳೆಯ ಮರದ ಬೀರು ಇದೆ. ಅದರ ಬಾಗಿಲು ಕಿತ್ತು ತಂತಿಯ ಜಾಲರಿ ಹಾಕಿದ್ದೇವೆ. ಒಳಗೆ ಬಟ್ಟೆ ಇಲ್ಲ, ಒಂದು ಮರದ ಕೊಂಬೆ ಇದೆ. ಆ ಕೊಂಬೆಯ ಮೇಲೆ ಎರಡೂವರೆ ಅಡಿ ಉದ್ದದ ಒಂದು ಹಸಿರು ಇಗ್ವಾನಾ ಮಲಗಿರುತ್ತದೆ. ಅದರ ಹೆಸರು ಮಿರ್ಚಿ.

ಮಿರ್ಚಿ ನಾವು ಕೊಂಡದ್ದಲ್ಲ. ದೊಡ್ಡಪ್ಪನ ಮಗ, ನಾನು ಭಾಯಿ ಎಂದು ಕರೆಯುವವರು, ಅದನ್ನು ಸಾಕಿದ್ದರು. 2024ರಲ್ಲಿ ಅವರಿಗೆ ಗಲ್ಫ್‌ನಲ್ಲಿ ಕೆಲಸ ಸಿಕ್ಕಿತು. ಬೀರು, ಬಲ್ಬು, ಇಗ್ವಾನಾ ಮೂರನ್ನೂ ನಮ್ಮ ಮನೆಗೆ ತಂದಿಟ್ಟು, "ದಿನಾ ಸೊಪ್ಪು ಹಾಕು, ಬೇರೇನೂ ಬೇಡ" ಎಂದು ಹೇಳಿ ಹೋದರು. ಬೇರೇನೂ ಬೇಡ ಎಂಬ ಆ ಮಾತನ್ನು ನಾನು ನಂಬಿದೆ. ಈ ಲೇಖನ ಬರೆಯಲು ಅದೇ ಕಾರಣ.

ನಮ್ಮ ಕಾಲೇಜಿನಲ್ಲಿ ಕೆಲವರ ಮನೆಯಲ್ಲಿ ಲೆಪರ್ಡ್ ಗೆಕೋ, ಬಿಯರ್ಡೆಡ್ ಡ್ರ್ಯಾಗನ್, ಇಗ್ವಾನಾ ಇವೆ ಎಂದು ನನಗೆ ಗೊತ್ತು. ಇನ್ನೂ ಕೆಲವರು ತರಬೇಕೆಂದು ಆಸೆಪಟ್ಟಿದ್ದೀರಿ. ನಾನು ಮಾಡಿದ ತಪ್ಪು ನೀವು ಮಾಡಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಂಡದ್ದು ದಾದಿಗೆ

ನಮ್ಮ ದಾದಿಗೆ ಹಲ್ಲಿ ಜಾತಿಯ ಯಾವ ಪ್ರಾಣಿಯೂ ಆಗುವುದಿಲ್ಲ. ಮಿರ್ಚಿ ಬಂದ ದಿನದಿಂದ ಅವರು ಆ ಕೋಣೆಯ ಬಾಗಿಲಲ್ಲೇ ನಿಂತು ಮಾತನಾಡುತ್ತಿದ್ದರು. ಆದರೆ ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಬಾಗಿಲಿನಿಂದಲೇ, "ಇಸ್ಕಿ ಆಂಖ್ ಕೂ ಕ್ಯಾ ಹುವಾ?" ಎಂದು ಕೇಳಿದರು. ಅದರ ಕಣ್ಣಿಗೆ ಏನಾಯಿತು ಎಂದು. ನಾನು ದಿನಾ ಸೊಪ್ಪು ಹಾಕುತ್ತಿದ್ದೆ, ಆದರೂ ಗಮನಿಸಿರಲಿಲ್ಲ. ಎಡಗಣ್ಣು ಮುಚ್ಚಿತ್ತು. ರೆಪ್ಪೆ ಸ್ವಲ್ಪ ಊದಿತ್ತು. ಅಂಚಿನಲ್ಲಿ ಗೀಜು ಒಣಗಿ ಅಂಟಿಕೊಂಡಿತ್ತು.

ದಾದಿಗೆ ಅದು ಬೇಗ ಕಂಡದ್ದಕ್ಕೆ ಕಾರಣವಿದೆ. ಎರಡು ತಿಂಗಳ ಹಿಂದೆ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಆ ದಿನಗಳಲ್ಲಿ ಮನೆಯಲ್ಲಿ ಯಾರ ಮುಖ ನೋಡಿದರೂ ಅವರು ಮೊದಲು ಕಣ್ಣನ್ನೇ ನೋಡುತ್ತಿದ್ದರು.

ಮನೆಯಲ್ಲಿ ಎಲ್ಲರೂ ಸಲಹೆ ಕೊಟ್ಟರು. ಅಮ್ಮಿ ಗುಲಾಬ್ ಜಲ್ ಹಾಕು ಎಂದರು. ಪಕ್ಕದ ಮನೆಯ ಆಂಟಿ ಉಪ್ಪು ನೀರಿನಲ್ಲಿ ಒರೆಸು ಎಂದರು. ನನಗೆ ನಾನೇ ಬುದ್ಧಿವಂತ ಎನಿಸಿತು. ಫ್ರಿಜ್ಜಿನಲ್ಲಿ ದಾದಿಯ ಆಪರೇಷನ್ ನಂತರದ ಡ್ರಾಪ್ಸ್ ಅರ್ಧ ಉಳಿದಿತ್ತು. ಕಣ್ಣಿನ ಡಾಕ್ಟರೇ ಬರೆದುಕೊಟ್ಟ ಔಷಧಿ, ಒಳ್ಳೆಯದೇ ಇರುತ್ತದೆ ಎಂದುಕೊಂಡು ದಿನಕ್ಕೆ ಎರಡು ಸಲ ಹಾಕಿದೆ. ಎರಡು ದಿನ ಊತ ಕಡಿಮೆಯಾದಂತೆ ಕಂಡಿತು. ಐದನೆಯ ದಿನ ರೆಪ್ಪೆ ಸ್ವಲ್ಪ ತೆರೆದಾಗ ಒಳಗೆ ಕಣ್ಣು ಬೆಳ್ಳಗೆ ಮಂಜಾಗಿತ್ತು. ಮಿರ್ಚಿ ಸೊಪ್ಪು ಮುಟ್ಟುವುದನ್ನೂ ಬಿಟ್ಟಿತ್ತು.

ಆಗ ಡಾಕ್ಟರ್ ಹುಡುಕಲು ಹೊರಟೆವು. ಹತ್ತಿರದ ಕ್ಲಿನಿಕ್‌ನವರು ನಾಯಿ, ಬೆಕ್ಕು ಮಾತ್ರ ನೋಡುತ್ತೇವೆ ಎಂದು ನೇರವಾಗಿ ಹೇಳಿದರು. ಸರೀಸೃಪ ನೋಡುವ ಪಶುವೈದ್ಯರು ಸಿಗುವಾಗ ಇನ್ನೂ ಎರಡು ದಿನ ಕಳೆದಿತ್ತು.

ಡಾಕ್ಟರ್ ನೋಡಿದ್ದು

ಡಾಕ್ಟರ್ ಮೊದಲು ಕಣ್ಣನ್ನು ನೋಡಲೇ ಇಲ್ಲ. ಪ್ರಶ್ನೆ ಕೇಳಿದರು. ಎಷ್ಟು ಡಿಗ್ರಿ ಬಿಸಿ ಇರುತ್ತದೆ? ಯಾವ ಬಲ್ಬು? ಹಾಕಿ ಎಷ್ಟು ದಿನವಾಯಿತು? ಕೆಳಗೆ ಏನು ಹಾಸಿದ್ದೀರಿ? ಏನು ತಿನ್ನಿಸುತ್ತೀರಿ? ನನ್ನ ಹತ್ತಿರ ಒಂದಕ್ಕೂ ಸರಿಯಾದ ಉತ್ತರ ಇರಲಿಲ್ಲ.

ನಂತರ ಸಲೈನ್‌ನಿಂದ ಕಣ್ಣು ತೊಳೆದರು. ರೆಪ್ಪೆಯ ಒಳಗಿನಿಂದ ಮರದ ಹೊಟ್ಟಿನ ಒಂದು ಸಣ್ಣ ಚೂರು ಬಂತು. ಭಾಯಿ ಕಾರ್ಪೆಂಟರ್ ಅಂಗಡಿಯಿಂದ ತಂದು ಹಾಸಿದ್ದ ಮರದ ಹೊಟ್ಟನ್ನೇ ನಾನೂ ಮುಂದುವರಿಸಿದ್ದೆ. ಆಮೇಲೆ ಕಣ್ಣಿಗೆ ಫ್ಲೋರೆಸೀನ್ ಎಂಬ ಕಿತ್ತಳೆ ಬಣ್ಣದ ದ್ರವ ಹಾಕಿ ನೀಲಿ ಬೆಳಕಿನಲ್ಲಿ ತೋರಿಸಿದರು. ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ ಕಾರ್ನಿಯಾ ಎಂದು ಹೆಸರು. ಅದರಲ್ಲಿ ಎಲ್ಲಿ ಗಾಯವಿದೆಯೋ ಅಲ್ಲಿ ಬಣ್ಣ ಹಿಡಿದು ಹಸಿರಾಗಿ ಹೊಳೆಯುತ್ತದೆ. ಮಿರ್ಚಿಯ ಕಣ್ಣಿನ ಮಧ್ಯದಲ್ಲೇ ಒಂದು ಹಸಿರು ಚುಕ್ಕೆ ಹೊಳೆಯಿತು. ಅದು ಹುಣ್ಣು.

"ಏನಾದರೂ ಡ್ರಾಪ್ಸ್ ಹಾಕಿದ್ದೀರಾ?" ಎಂದು ಕೇಳಿದರು. ಬಾಟಲಿ ತೋರಿಸಿದೆ. ಅದರಲ್ಲಿ ಆಂಟಿಬಯೋಟಿಕ್ ಜೊತೆ ಸ್ಟೀರಾಯ್ಡ್ ಕೂಡ ಇತ್ತು. ಆಪರೇಷನ್ ಆದ ಕಣ್ಣಿನ ಊತ ಇಳಿಸಲು ಸ್ಟೀರಾಯ್ಡ್ ಬೇಕು. ಆದರೆ ಕಾರ್ನಿಯಾದಲ್ಲಿ ಹುಣ್ಣಿದ್ದಾಗ ಸ್ಟೀರಾಯ್ಡ್ ಹಾಕಿದರೆ ಗಾಯ ಮಾಯುವುದು ನಿಧಾನವಾಗುತ್ತದೆ, ಸೋಂಕು ಹೆಚ್ಚಬಹುದು, ಹುಣ್ಣು ಆಳಕ್ಕೆ ಹೋಗಬಹುದು. ಊತ ಇಳಿಯುವುದರಿಂದ ವಾಸಿಯಾಗುತ್ತಿದೆ ಎಂದು ನಮಗೆ ಅನಿಸುತ್ತದೆ. ನನಗೂ ಹಾಗೆಯೇ ಅನಿಸಿತ್ತು. ಇದು ಹಲ್ಲಿಗೆ ಮಾತ್ರವಲ್ಲ, ಮನುಷ್ಯರಿಗೂ ಅನ್ವಯಿಸುತ್ತದೆ. ಒಬ್ಬರ ಕಣ್ಣಿನ ಡ್ರಾಪ್ಸ್ ಇನ್ನೊಬ್ಬರಿಗೆ ಹಾಕಬಾರದು.

ಡಾಕ್ಟರ್ ನನ್ನನ್ನು ಬೈಯಲಿಲ್ಲ. "ಚೂರು ಕಣ್ಣಿಗೆ ಬಿದ್ದದ್ದು ಒಂದು ಕಾರಣ. ಅದು ಮಾಯದೇ ಇದ್ದುದಕ್ಕೆ ನಿಮ್ಮ ಬೀರು ಕಾರಣ" ಎಂದರು. ಆ ಮಾತು ಅರ್ಥವಾಗಲು ನನಗೆ ಒಂದು ವಾರ ಬೇಕಾಯಿತು.

ಕಣ್ಣಿನ ರೋಗ ಕಣ್ಣಿನಲ್ಲೇ ಇರುವುದಿಲ್ಲ

ನಮಗೆ ಜ್ವರ ಬಂದರೆ ದೇಹವೇ ಬಿಸಿಯಾಗುತ್ತದೆ. ಹಲ್ಲಿ, ಇಗ್ವಾನಾ, ಆಮೆಗಳಿಗೆ ಆ ಶಕ್ತಿ ಇಲ್ಲ. ಹೊರಗಿನಿಂದ ಬಿಸಿ ಸಿಕ್ಕರೆ ಮಾತ್ರ ಅವುಗಳ ದೇಹ ಕೆಲಸ ಮಾಡುತ್ತದೆ. ಊಟ ಜೀರ್ಣವಾಗಲು ಬಿಸಿ ಬೇಕು, ರೋಗದ ವಿರುದ್ಧ ಹೋರಾಡಲು ಬಿಸಿ ಬೇಕು, ಕೊಟ್ಟ ಔಷಧಿ ಮೈಗೆ ಹಿಡಿಯಲೂ ಬಿಸಿ ಬೇಕು.

ಹಸಿರು ಇಗ್ವಾನಾದ ಮೂಲ ಮೆಕ್ಸಿಕೋದಿಂದ ಬ್ರೆಜಿಲ್‌ವರೆಗಿನ ಬಿಸಿ ಪ್ರದೇಶ. ಅದು ನದಿ ದಂಡೆಯ ಮರದ ತುದಿಯಲ್ಲಿ ಬಿಸಿಲು ಕಾಯಿಸಿಕೊಂಡು ಎಲೆ ತಿನ್ನುವ ಪ್ರಾಣಿ. ಅದು ಮೈ ಕಾಯಿಸುವ ಜಾಗದಲ್ಲಿ 32ರಿಂದ 35 ಡಿಗ್ರಿ ಸೆಲ್ಸಿಯಸ್ ಬೇಕು. ಉಳಿದ ಕಡೆ ಹಗಲಿನಲ್ಲಿ 27ರಿಂದ 30 ಡಿಗ್ರಿ ಇದ್ದರೆ ಸಾಕು. ರಾತ್ರಿ 22ರ ಕೆಳಗೆ ಇಳಿಯದಿದ್ದರೆ ಒಳ್ಳೆಯದು. ನಮ್ಮ ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ನಾವು ರಜಾಯಿ ಹೊದ್ದುಕೊಳ್ಳುತ್ತೇವೆ. ಮಿರ್ಚಿಗೆ ರಜಾಯಿ ಹೊದಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಒಳಗಿನಿಂದ ಬಿಸಿ ಬರುವುದೇ ಇಲ್ಲ. ಚಳಿಯಲ್ಲಿ ಅದರ ದೇಹ ಅರ್ಧ ನಿದ್ದೆಯಲ್ಲಿತ್ತು. ಹಾಗಾಗಿ ಸಣ್ಣ ಗಾಯವೂ ಮಾಯಲಿಲ್ಲ.

ಎರಡನೆಯದು ಬೆಳಕು. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಯುವಿಬಿ ಕಿರಣಗಳಿವೆ. ಅವು ಚರ್ಮದ ಮೇಲೆ ಬಿದ್ದಾಗ ಇಗ್ವಾನಾದ ದೇಹದಲ್ಲಿ ವಿಟಮಿನ್ ಡಿ3 ತಯಾರಾಗುತ್ತದೆ. ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ದೇಹಕ್ಕೆ ಸೇರುವುದಿಲ್ಲ, ಎಲುಬು ಮೆದುವಾಗುತ್ತದೆ, ದವಡೆ ಊದುತ್ತದೆ, ಕಾಲು ನಡುಗುತ್ತದೆ. ನಾನು ಮಿರ್ಚಿಯನ್ನು ಕಿಟಕಿಯ ಬಳಿ ಇಟ್ಟು ಬಿಸಿಲು ಸಿಗುತ್ತಿದೆ ಎಂದುಕೊಂಡಿದ್ದೆ. ಕಿಟಕಿಯ ಗಾಜು ಯುವಿಬಿಯನ್ನು ತಡೆದುಬಿಡುತ್ತದೆ. ಬೆಳಕು ಒಳಗೆ ಬರುತ್ತದೆ, ಬೇಕಾದ ಕಿರಣ ಬರುವುದಿಲ್ಲ.

ಅದಕ್ಕಾಗಿ ಯುವಿಬಿ ಟ್ಯೂಬ್ ಹಾಕಬೇಕು. ಇಲ್ಲಿ ನಮ್ಮ ಅಕೌಂಟೆನ್ಸಿ ಪಾಠ ನೆನಪಾಗುತ್ತದೆ. ಯಂತ್ರ ಹೊರಗೆ ಹೊಸದರಂತೆ ಕಂಡರೂ ವರ್ಷ ವರ್ಷ ಅದರ ಮೌಲ್ಯ ಇಳಿಯುತ್ತದೆ, ಅದಕ್ಕೆ ಸವಕಳಿ ಬರೆಯುತ್ತೇವೆ. ಯುವಿಬಿ ಟ್ಯೂಬ್ ಕೂಡ ಹಾಗೆ. ಆರರಿಂದ ಹನ್ನೆರಡು ತಿಂಗಳಲ್ಲಿ ಅದರ ಯುವಿಬಿ ಇಳಿದುಹೋಗುತ್ತದೆ, ಆದರೆ ಟ್ಯೂಬ್ ಮೊದಲಿನಂತೆಯೇ ಉರಿಯುತ್ತಿರುತ್ತದೆ. ಭಾಯಿ ಹಾಕಿದ್ದ ಟ್ಯೂಬ್‌ಗೆ ಎರಡು ವರ್ಷವಾಗಿತ್ತು. ಹಾಕಿದ ತಾರೀಖನ್ನು ಹೋಲ್ಡರ್ ಮೇಲೆ ಬರೆದಿಡಿ. ನಾವು ಈಗ ಹಾಗೆ ಮಾಡಿದ್ದೇವೆ.

ಹೆಚ್ಚಾದರೂ ತೊಂದರೆಯೇ. ಯುವಿ ಲ್ಯಾಂಪ್ ತುಂಬಾ ಹತ್ತಿರವಿದ್ದರೆ ಅಥವಾ ಕಳಪೆ ಲ್ಯಾಂಪ್ ಆಗಿದ್ದರೆ ಕಣ್ಣು ಸುಟ್ಟಂತಾಗಿ ಊದಿಕೊಳ್ಳುತ್ತದೆ. ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಲ್ಲಿ ನೋಡಿದವರಿಗೆ ಆಗುವಂತೆಯೇ ಇದು. ಟ್ಯೂಬ್‌ನ ಡಬ್ಬಿಯಲ್ಲಿ ಎಷ್ಟು ದೂರ ಇಡಬೇಕೆಂದು ಬರೆದಿರುತ್ತದೆ. ಅದನ್ನು ಅಳತೆ ಮಾಡಿಯೇ ಇಡಬೇಕು.

ಮೂರನೆಯದು ಊಟ. ವಿಟಮಿನ್ ಎ ಕಡಿಮೆಯಾದರೆ ರೆಪ್ಪೆ ಊದುತ್ತದೆ, ಕಣ್ಣಿನ ಒಳಗೆ ಗಟ್ಟಿ ಗೀಜು ತುಂಬುತ್ತದೆ. ಹುಳು ತಿನ್ನುವ ಲೆಪರ್ಡ್ ಗೆಕೋ, ಗೋಸುಂಬೆಗಳಲ್ಲಿ, ಮತ್ತು ಸಾಕಿದ ನೀರಾಮೆಗಳಲ್ಲಿ ಇದು ಹೆಚ್ಚು. ಇಗ್ವಾನಾ ಸೊಪ್ಪು, ತರಕಾರಿಯ ಬೀಟಾ ಕ್ಯಾರೊಟಿನ್‌ನಿಂದ ವಿಟಮಿನ್ ಎ ತಯಾರಿಸಿಕೊಳ್ಳುತ್ತದೆ.  ಹುಳು ತಿನ್ನುವ ಗೆಕೋಗಳಿಗೆ ವಿಟಮಿನ್ ಎ ಇರುವ ಪುಡಿಯನ್ನು ಹುಳುಗಳ ಮೇಲೆ ಉದುರಿಸಿ ಕೊಡಬೇಕು. ಎಷ್ಟು ಎಂದು ಡಾಕ್ಟರನ್ನೇ ಕೇಳಬೇಕು. ವಿಟಮಿನ್ ಎ ಹೆಚ್ಚಾದರೆ ಚರ್ಮ ಸುಲಿದು ಬರುತ್ತದೆ, ಪಿತ್ತಜನಕಾಂಗ ಕೆಡುತ್ತದೆ.

ಒಂದು ಕಣ್ಣೋ, ಎರಡು ಕಣ್ಣೋ?

ಡಾಕ್ಟರ್ ಹೇಳಿಕೊಟ್ಟ ಒಂದು ಸುಲಭದ ಲೆಕ್ಕ ಇದು. ಒಂದೇ ಕಣ್ಣು ಮುಚ್ಚಿದ್ದರೆ ಹೆಚ್ಚಾಗಿ ಆ ಕಣ್ಣಿಗೇ ಏನೋ ಆಗಿದೆ: ಧೂಳು, ಹೊಟ್ಟಿನ ಚೂರು, ಉಗುರು ತಾಗಿದ ಗಾಯ, ಆ ಕಣ್ಣಿನ ಸೋಂಕು. ಎರಡೂ ಕಣ್ಣು ಮುಚ್ಚಿದ್ದರೆ ಮೊದಲು ಪೆಟ್ಟಿಗೆಯನ್ನು ಅನುಮಾನಿಸಬೇಕು: ಬೆಳಕು, ಬಿಸಿ, ಊಟ, ನೀರಿನ ಕೊರತೆ, ಅಥವಾ ದೇಹದ ಬೇರೆ ಕಾಯಿಲೆ. ಇದು ಅಂದಾಜಿಗೆ ಮಾತ್ರ. ಪರೀಕ್ಷೆ ಮಾಡಬೇಕಾದವರು ಡಾಕ್ಟರ್.

ಕೆಲವನ್ನು ನೋಡಿ ಹೆದರಬೇಕಾಗಿಲ್ಲ. ಪೊರೆ ಕಳಚುವ ಸಮಯದಲ್ಲಿ ಇಗ್ವಾನಾ ಕಣ್ಣುಗಳನ್ನು ಚೆಂಡಿನಂತೆ ಉಬ್ಬಿಸುತ್ತದೆ. ರೆಪ್ಪೆಯ ಹಳೆಯ ಚರ್ಮ ಸಡಿಲವಾಗಲಿ ಎಂದು ಹಾಗೆ ಮಾಡಿ ಮತ್ತೆ ಸರಿಯಾಗುತ್ತದೆ. ಮೂಗಿನಿಂದ ಸೀನಿದಾಗ ಜಾಲರಿಯ ಮೇಲೆ ಬಿಳಿ ಪುಡಿ ಅಂಟುತ್ತದೆ. ಅದು ನೆಗಡಿಯಲ್ಲ, ದೇಹದ ಹೆಚ್ಚಿನ ಉಪ್ಪನ್ನು ಅದು ಹಾಗೆ ಹೊರಹಾಕುತ್ತದೆ. ತಲೆಯ ಮೇಲೆ ನಡುವಿನಲ್ಲಿ ಒಂದು ಮಸುಕಾದ ಚುಕ್ಕೆ ಇರುತ್ತದೆ. ನಾನು ಅದನ್ನು ಗಾಯ ಎಂದುಕೊಂಡಿದ್ದೆ. ಅದು ಮೂರನೆಯ ಕಣ್ಣು! ಅದರಿಂದ ಚಿತ್ರ ಕಾಣುವುದಿಲ್ಲ, ಬೆಳಕು ಮತ್ತು ನೆರಳು ಮಾತ್ರ ತಿಳಿಯುತ್ತದೆ. ಮೇಲಿನಿಂದ ಹದ್ದು ಬಂದರೆ ಗೊತ್ತಾಗಲು ಅದು ಸಹಾಯಕ. ಅದಕ್ಕೇ ಮೇಲಿನಿಂದ ಕೈ ಹಾಕಿದರೆ ಇಗ್ವಾನಾ ಬೆಚ್ಚಿಬೀಳುತ್ತದೆ.

ಹೆದರಬೇಕಾದವು ಇವು: ಒಂದು ದಿನಕ್ಕಿಂತ ಹೆಚ್ಚು ಕಣ್ಣು ಮುಚ್ಚಿರುವುದು, ಗೀಜು ಅಥವಾ ರಕ್ತ, ಕಣ್ಣು ಬೆಳ್ಳಗಾಗುವುದು, ರೆಪ್ಪೆಯ ಕೆಳಗೆ ಗಟ್ಟಿ ಗಂಟು, ಕಣ್ಣನ್ನು ಕೊಂಬೆಗೆ ಉಜ್ಜುವುದು, ಊಟ ಬಿಡುವುದು. ಗಂಟು ಕಂಡರೆ ಹಿಸುಕಬೇಡಿ. ಸರೀಸೃಪಗಳ ಕೀವು ನಮ್ಮ ಕೀವಿನಂತೆ ನೀರಾಗಿರುವುದಿಲ್ಲ, ಪನೀರಿನಂತೆ ಗಟ್ಟಿಯಾಗಿರುತ್ತದೆ. ಹಿಸುಕಿದರೆ ಹೊರಗೆ ಬರುವುದಿಲ್ಲ, ಡಾಕ್ಟರೇ ತೆಗೆಯಬೇಕು.

ಡಾಕ್ಟರ್ ಬಳಿ ಹೋಗುವವರೆಗೆ

ಮನೆಯಲ್ಲಿ ಮಾಡಬಹುದಾದದ್ದು ಕಡಿಮೆ, ಆದರೆ ಅದು ಮುಖ್ಯ.

ಮೊದಲು ಹೊಟ್ಟು, ಮರಳು ಎಲ್ಲ ತೆಗೆದು ಹಳೆಯ ನ್ಯೂಸ್‌ಪೇಪರ್ ಹಾಸಿ. ಇದಕ್ಕೆ ಖರ್ಚೇ ಇಲ್ಲ. ಎರಡನೆಯದಾಗಿ ಥರ್ಮಾಮೀಟರ್ ಇಟ್ಟು ಬಿಸಿ ಸರಿ ಇದೆಯೇ ನೋಡಿ. ಕೈ ಹಾಕಿ ಅಂದಾಜು ಮಾಡಬೇಡಿ. ಬಿಸಿ ಬಲ್ಬ್ ಮೇಲಿನಿಂದ ಬರಲಿ, ಮತ್ತು ಪ್ರಾಣಿಗೆ ತಾಗದಂತೆ ಜಾಲರಿ ಇರಲಿ. ಅಂಗಡಿಯಲ್ಲಿ ಸಿಗುವ ಬಿಸಿ ಕಲ್ಲು ಬೇಡ, ಅದರ ಮೇಲೆ ಮಲಗಿ ಹೊಟ್ಟೆ ಸುಟ್ಟುಕೊಳ್ಳುತ್ತವೆ.

ಮೂರನೆಯದಾಗಿ, ಮೆಡಿಕಲ್ ಶಾಪ್‌ನಲ್ಲಿ ನಾರ್ಮಲ್ ಸಲೈನ್ ಸಿಗುತ್ತದೆ. ಅದನ್ನು ಬಟ್ಟಲಿನ ಬಿಸಿನೀರಿನಲ್ಲಿಟ್ಟು ಉಗುರು ಬೆಚ್ಚಗೆ ಮಾಡಿ, ಹೊಸ ಹತ್ತಿಯಲ್ಲಿ ಅದ್ದಿ, ರೆಪ್ಪೆಯ ಮೇಲೆ ಒಂದು ನಿಮಿಷ ಇಡಿ. ಗೀಜು ನೆನೆದು ತಾನಾಗಿ ಬಿಡುತ್ತದೆ. ಕಿತ್ತು ತೆಗೆಯಬೇಡಿ. ರೆಪ್ಪೆಯನ್ನು ಬಲವಂತವಾಗಿ ತೆರೆಯಬೇಡಿ. ಅಡುಗೆ ಉಪ್ಪಿನ ನೀರು, ಗುಲಾಬ್ ಜಲ್, ಜೇನು, ಸುರ್ಮಾ, ಮನೆಯಲ್ಲಿ ಉಳಿದ ಡ್ರಾಪ್ಸ್ ಯಾವುದೂ ಬೇಡ.

ನಾಲ್ಕನೆಯದಾಗಿ, ಕರೆದುಕೊಂಡು ಹೋಗುವ ರೀತಿ. ತಲೆದಿಂಬಿನ ಕವರ್‌ನಲ್ಲಿ ಬಿಟ್ಟು ಬಾಯಿ ಕಟ್ಟಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಚಳಿಯಿದ್ದರೆ ಬಿಸಿನೀರಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಪಕ್ಕದಲ್ಲಿಡಿ. ಬಾಲ ಹಿಡಿದು ಎತ್ತಬೇಡಿ, ಮುರಿದುಹೋಗುತ್ತದೆ. ಪೆಟ್ಟಿಗೆಯ ಫೋಟೋ, ಬಲ್ಬಿನ ಡಬ್ಬಿ, ತಿನ್ನಿಸುವ ಸೊಪ್ಪಿನ ಪಟ್ಟಿ ಜೊತೆಗಿರಲಿ. ಹೊರಡುವ ಮೊದಲು ಫೋನ್ ಮಾಡಿ ಸರೀಸೃಪ ನೋಡುತ್ತೀರಾ ಎಂದು ಕೇಳಿ. ಹತ್ತಿರ ಯಾರೂ ಇಲ್ಲದಿದ್ದರೆ ಹೆಬ್ಬಾಳದಲ್ಲಿರುವ ಸರ್ಕಾರಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಇನ್ನೊಂದು ಮಾತು: ನಿಮ್ಮ ಮನೆಯ ಕಾಂಪೌಂಡಿನಲ್ಲಿ ಗಾಯಗೊಂಡ ಓತಿಕ್ಯಾತ, ಉಡ, ಹಾವು ಕಂಡರೆ ನೀವೇ ಸಾಕಲು ಹೋಗಬೇಡಿ. ಅಂಥ ಕಾಡುಪ್ರಾಣಿಗಳಿಗಾಗಿಯೇ ನಮ್ಮ ಕಡೆಯ ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇದೆ.

ಐದು ವಾರದ ದಿನಚರಿ

ಡಾಕ್ಟರ್ ಸ್ಟೀರಾಯ್ಡ್ ಇಲ್ಲದ ಆಂಟಿಬಯೋಟಿಕ್ ಡ್ರಾಪ್ಸ್ ಬರೆದರು. ಹಾಕುವುದು ನಾನು, ಹಿಡಿಯುವುದು ಅಬ್ಬು. ಟವೆಲಿನಲ್ಲಿ ಕಾಲು, ಬಾಲ ಎಲ್ಲ ಸುತ್ತಿ ತಲೆ ಮಾತ್ರ ಹೊರಗೆ ಬಿಡಬೇಕು. ಬಾಟಲಿಯ ಮೂತಿ ಕಣ್ಣಿಗೆ ತಾಗದಂತೆ ಮೂಲೆಯಲ್ಲಿ ಒಂದು ಹನಿ ಬಿಡಬೇಕು. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು. ಬೆಳಿಗ್ಗೆ ಕಾಲೇಜಿಗೆ ಹೋಗುವ ಮೊದಲು, ಸಂಜೆ ಬಂದ ಮೇಲೆ, ರಾತ್ರಿ ಮಲಗುವ ಮೊದಲು. ಮಧ್ಯಾಹ್ನದ ಸರದಿ ಮಾತ್ರ ಅಮ್ಮಿಯದು. ಆಗ ಹಿಡಿಯಲು ಯಾರೂ ಇರಲಿಲ್ಲ. ಮೂರನೆಯ ದಿನ ಮನೆಗೆ ಬಂದಾಗ ಅಮ್ಮಿ ಹೇಳಿದರು, ದಾದಿ ಟವೆಲ್ ಹಿಡಿದಿದ್ದರಂತೆ. ನಾನು ನಂಬಲಿಲ್ಲ. ದಾದಿಯನ್ನು ಕೇಳಿದೆ. "ಡ್ರಾಪ್ಸ್ ಹಾಕಿದಾಗ ಎಷ್ಟು ಉರಿಯುತ್ತದೆ ಎಂದು ನನಗೆ ಗೊತ್ತಲ್ಲ" ಎಂದರು.

ಕಣ್ಣು ಕಾಣದ ಇಗ್ವಾನಾ ಊಟ ಹುಡುಕುವುದಿಲ್ಲ. ಅದು ಮೂಸಿ ತಿನ್ನುವುದಕ್ಕಿಂತ ನೋಡಿ ತಿನ್ನುವ ಪ್ರಾಣಿ. ಆದ್ದರಿಂದ ಒಳ್ಳೆಯ ಕಣ್ಣಿನ ಕಡೆಯಿಂದ ಸೊಪ್ಪನ್ನು ಬಾಯಿಯ ಹತ್ತಿರ ಹಿಡಿಯಬೇಕು. ದಿನಕ್ಕೊಮ್ಮೆ ಉಗುರು ಬೆಚ್ಚಗಿನ ನೀರಿನ ಟಬ್‌ನಲ್ಲಿ, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ, ಹತ್ತು ನಿಮಿಷ ಬಿಡುತ್ತಿದ್ದೆವು. ಆಗ ನೀರು ಕುಡಿಯುತ್ತಿತ್ತು. ಎರಡು ದಿನಕ್ಕೊಮ್ಮೆ ತೂಕ ನೋಡಿ ಕ್ಯಾಶ್ ಬುಕ್‌ನಂತೆ ಒಂದು ನೋಟ್‌ಬುಕ್‌ನಲ್ಲಿ ಬರೆದೆ. ಕಣ್ಣಿಗೆ ಕಾಣದ ಇಳಿಕೆ ತೂಕದಲ್ಲಿ ಕಾಣುತ್ತದೆ.

ಊಟದ ಪಟ್ಟಿಯೂ ಬದಲಾಯಿತು. ಮೊದಲು ನಾನು ದಿನಾ ಪಾಲಕ್ ಹಾಕುತ್ತಿದ್ದೆ. ಪಾಲಕ್‌ನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಪರೂಪಕ್ಕೆ ಸರಿ, ದಿನಾ ಬೇಡ. ಈಗ ನುಗ್ಗೆ ಸೊಪ್ಪು, ದಾಸವಾಳದ ಎಲೆ ಮತ್ತು ಹೂವು, ತುರಿದ ಸಿಹಿಗುಂಬಳ, ಕ್ಯಾರೆಟ್, ಹುರುಳಿಕಾಯಿ. ಹಿಪ್ಪುನೇರಳೆ ಎಲೆಯೂ ಇಗ್ವಾನಾಕ್ಕೆ ಬಹಳ ಒಳ್ಳೆಯದು. ರೇಷ್ಮೆಗೆ ಹೆಸರಾದ ನಮ್ಮ ರಾಜ್ಯದಲ್ಲಿ ಅದಕ್ಕೇನೂ ಕೊರತೆಯಿಲ್ಲ. ಆದರೆ ಔಷಧಿ ಹೊಡೆದ ತೋಟದ್ದು ಬೇಡ. ಸೊಪ್ಪು ಯಾವುದೇ ಇರಲಿ ಚೆನ್ನಾಗಿ ತೊಳೆದು ಕೊಡಬೇಕು. ಮಾಂಸ, ಮೊಟ್ಟೆ, ನಾಯಿಯ ಆಹಾರ ಇಗ್ವಾನಾಕ್ಕೆ ಕೊಡಬಾರದು, ಮೂತ್ರಪಿಂಡ ಕೆಡುತ್ತದೆ.

ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದನ್ನು ಮರೆಯಬೇಡಿ. ಆರೋಗ್ಯವಾಗಿ ಕಾಣುವ ಸರೀಸೃಪದ ಮೈಮೇಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಸಣ್ಣ ಮಕ್ಕಳು ಮತ್ತು ವಯಸ್ಸಾದವರಿಗೆ ಅದು ಅಪಾಯ. ದಾದಿಗೆ ನಾವು ಗ್ಲೌಸ್ ತಂದುಕೊಟ್ಟೆವು. ಮಿರ್ಚಿಯ ಟಬ್ ಅಡುಗೆಮನೆಗೆ ಹೋಗುವುದಿಲ್ಲ.

ಖರ್ಚಿನ ಲೆಕ್ಕ

ವಾಣಿಜ್ಯದ ವಿದ್ಯಾರ್ಥಿಯಾಗಿ ಲೆಕ್ಕ ಕೊಡದಿದ್ದರೆ ಹೇಗೆ? ಐದು ವಾರದಲ್ಲಿ ನಮ್ಮ ಮನೆಯಲ್ಲಿ ಆದದ್ದು ಇದು. ಮೂರು ಸಲದ ಡಾಕ್ಟರ್ ಫೀ ₹1,800. ಕಣ್ಣಿನ ಪರೀಕ್ಷೆ ಮತ್ತು ತೊಳೆದದ್ದು ₹600. ಔಷಧಿ ₹410. ಯುವಿಬಿ ಟ್ಯೂಬ್ ಮತ್ತು ಹೋಲ್ಡರ್ ₹2,900. ಬಿಸಿ ಬಲ್ಬ್ ಮತ್ತು ಹೋಲ್ಡರ್ ₹650. ಎರಡು ಥರ್ಮಾಮೀಟರ್ ₹500. ಆಟೋ ₹1,120. ಒಟ್ಟು ₹7,980. ನಿಮ್ಮಲ್ಲಿ ಬೆಲೆ ಹೆಚ್ಚು ಕಡಿಮೆ ಆಗಬಹುದು.

ಇದರಲ್ಲಿ ಟ್ಯೂಬ್, ಬಲ್ಬ್, ಥರ್ಮಾಮೀಟರ್ ಮೊದಲೇ ಇರಬೇಕಾದವು. ಅವುಗಳನ್ನು ತೆಗೆದರೂ ₹3,930 ಉಳಿಯುತ್ತದೆ. ಅದು ಹೊಟ್ಟಿನ ಬದಲು ನ್ಯೂಸ್‌ಪೇಪರ್ ಹಾಸದೇ ಇದ್ದುದರ ಬೆಲೆ. ಮಿರ್ಚಿ ನಮಗೆ ಪುಕ್ಕಟೆ ಬಂದದ್ದು. ಪುಕ್ಕಟೆ ಬಂದ ಪ್ರಾಣಿಗೂ ಖರ್ಚು ಪುಕ್ಕಟೆ ಅಲ್ಲ. ಇಗ್ವಾನಾ ಚೆನ್ನಾಗಿ ಸಾಕಿದರೆ ಹದಿನೈದು ವರ್ಷಕ್ಕೂ ಮೀರಿ ಬದುಕಬಹುದು, ಐದಾರು ಅಡಿ ಬೆಳೆಯಬಹುದು. ಅಷ್ಟರಲ್ಲಿ ನಾವೆಲ್ಲ ಎಲ್ಲಿರುತ್ತೇವೋ!

ಸಾಕುವುದು ಕಾನೂನಿಗೆ ಸರಿಯೇ?

ಗೆಳೆಯರು ಇದನ್ನು ಬಹಳ ಕೇಳುತ್ತಾರೆ. ಉಡ, ಗೋಸುಂಬೆ, ನಕ್ಷತ್ರ ಆಮೆ ಮುಂತಾದ ನಮ್ಮ ದೇಶದ ಸಂರಕ್ಷಿತ ಪ್ರಾಣಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಹಸಿರು ಇಗ್ವಾನಾ ಹೊರದೇಶದ್ದು. ಅದು ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾಗಿದೆ. ಆ ಮೇಲೆ ಇಂಥ ಪ್ರಾಣಿಗಳಿಗೆ ನೋಂದಣಿ ಬೇಕು. 2024ರ ಫೆಬ್ರುವರಿಯಲ್ಲಿ ಅದರ ನಿಯಮಗಳು ಬಂದವು. ಕೇಂದ್ರ ಸರ್ಕಾರದ ಪರಿವೇಶ್ 2.0 ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಪ್ರಾಣಿ ಒಬ್ಬರಿಂದ ಇನ್ನೊಬ್ಬರಿಗೆ ಹೋದರೆ ಅದನ್ನೂ ತಿಳಿಸಬೇಕು. ಭಾಯಿ ಹೋಗುವ ಮೊದಲೇ ನೋಂದಣಿ ಮಾಡಿಸಿದ್ದರು, ಈಗ ಕಾಗದ ಅಬ್ಬು ಹೆಸರಿನಲ್ಲಿದೆ. ಕಾಗದ ಇಲ್ಲದ ಪ್ರಾಣಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ.

ಅಗ್ಗದ ಪ್ರಾಣಿ ಹೇಗೆ ಬರುತ್ತದೆ ಎಂಬುದಕ್ಕೆ ನಮ್ಮ ಊರಿನ ಒಂದು ಉದಾಹರಣೆ ಸಾಕು. 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದ ಪ್ರಯಾಣಿಕರೊಬ್ಬರ ಟ್ರಾಲಿ ಬ್ಯಾಗ್‌ನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ 234 ಪ್ರಾಣಿಗಳು ಸಿಕ್ಕವು. ಹೆಬ್ಬಾವು, ಗೋಸುಂಬೆ, ಆಮೆ, ಮೊಸಳೆ ಜಾತಿಯ ಮರಿಗಳ ಜೊತೆ ಇಗ್ವಾನಾಗಳೂ ಇದ್ದವು. ಒಂದು ಕಾಂಗರೂ ಮರಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಸಿರುಗಟ್ಟಿ ಸತ್ತಿತ್ತು.

ಈಗ ಮಿರ್ಚಿ

ಹದಿನೇಳನೆಯ ದಿನ ಮಿರ್ಚಿ ಎಡಗಣ್ಣನ್ನು ಪೂರ್ತಿ ತೆರೆಯಿತು. ಐದನೆಯ ವಾರ ಡಾಕ್ಟರ್ ಮತ್ತೆ ಬಣ್ಣ ಹಾಕಿ ನೋಡಿದಾಗ ಹಸಿರು ಹೊಳೆಯಲಿಲ್ಲ. ಹುಣ್ಣು ಮಾಯಿತ್ತು. ಆದರೆ ಕಣ್ಣಿನ ಮಧ್ಯೆ ಬಿಳಿ ಕಲೆ ಉಳಿದಿದೆ. ಆ ಕಡೆಯಿಂದ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಮೊದಲ ದಿನವೇ ಬಂದಿದ್ದರೆ ಕಲೆ ಇಷ್ಟು ದೊಡ್ಡದಾಗುತ್ತಿರಲಿಲ್ಲ ಎಂದು ಡಾಕ್ಟರ್ ಹೇಳಿದರು. ಅದನ್ನು ನಾನು ಇಲ್ಲಿ ಬರೆಯದೆ ಬಿಡಬಹುದಿತ್ತು, ಆದರೆ ಬಿಟ್ಟರೆ ಈ ಲೇಖನಕ್ಕೆ ಅರ್ಥವಿಲ್ಲ.

ಬೆಕ್ಕೊಂದನ್ನು ಕೂಡಿಹಾಕಿ, ತಾನೂ ಅನ್ನ ಕೊಡದೆ, ಹೊರಗೆ ಹೋಗಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸಿನ ಹದೀಸ್ ನಮಗೆಲ್ಲ ಚಿಕ್ಕಂದಿನಿಂದ ಗೊತ್ತು. ನಾನು ಅದನ್ನು ಅನ್ನದ ವಿಷಯ ಎಂದೇ ತಿಳಿದಿದ್ದೆ. ನಾನು ಮಿರ್ಚಿಗೆ ಒಂದು ದಿನವೂ ಉಪವಾಸ ಹಾಕಿರಲಿಲ್ಲ. ಆದರೆ ಕಾಡಿನಲ್ಲಿದ್ದರೆ ಚಳಿಯಾದಾಗ ಅದು ಬಿಸಿಲಿಗೆ ಹೋಗುತ್ತಿತ್ತು, ಬಿಸಿಯಾದಾಗ ನೆರಳಿಗೆ ಬರುತ್ತಿತ್ತು, ಬೇಕಾದ ಎಲೆ ಆರಿಸಿಕೊಳ್ಳುತ್ತಿತ್ತು. ಬೀರುವಿನೊಳಗೆ ಇಟ್ಟ ಮೇಲೆ ಆ ಬಿಸಿಲು, ನೆರಳು, ಎಲೆ ಎಲ್ಲವೂ ಇಟ್ಟವರ ಜವಾಬ್ದಾರಿ. ಸೊಪ್ಪು ಹಾಕಿದರೆ ಸಾಕು, ಬೇರೇನೂ ಬೇಡ ಎನ್ನುವವರ ಮಾತು ನಂಬಬೇಡಿ.

ನಿಮ್ಮ ಮನೆಯಲ್ಲಿ ಇಂಥ ಪ್ರಾಣಿ ಇದ್ದರೆ ಇವತ್ತು ಸಂಜೆ ಐದು ನಿಮಿಷ ಕೊಡಿ. ಥರ್ಮಾಮೀಟರ್ ಎಷ್ಟು ತೋರಿಸುತ್ತದೆ, ಟ್ಯೂಬ್ ಹಾಕಿದ ತಾರೀಖು ಯಾವುದು, ಕೆಳಗೆ ಏನು ಹಾಸಿದೆ, ಎರಡೂ ಕಣ್ಣು ತೆರೆದಿವೆಯೇ ಎಂದು ನೋಡಿ. ಸರೀಸೃಪ ನೋಡುವ ಡಾಕ್ಟರ್ ನಂಬರನ್ನು ಕಾಯಿಲೆ ಬರುವ ಮೊದಲೇ ಹುಡುಕಿ ಫೋನ್‌ನಲ್ಲಿ ಇಟ್ಟುಕೊಳ್ಳಿ.

ಈಗ ನಮ್ಮ ಮನೆಯಲ್ಲಿ ಒಂದು ನಿಯಮ ಇದೆ. ಮಿರ್ಚಿಗೆ ಊಟ ಕೊಡುವವರು ಬಲಗಡೆಯಿಂದ ಬರಬೇಕು, ಇಲ್ಲದಿದ್ದರೆ ಅದು ಬೆಚ್ಚುತ್ತದೆ. ಈ ನಿಯಮ ಮಾಡಿದ್ದು ದಾದಿ. ಯಾರಾದರೂ ಮರೆತು ಎಡಗಡೆಯಿಂದ ಹೋದರೆ ಅವರು ಬಾಗಿಲಿನಿಂದಲೇ ಕೂಗುತ್ತಾರೆ.